ಕೋಟೆ ಬೆಟ್ಟಕ್ಕೆ ಮಕ್ಕಳನ್ನು ಕರೆದೊಯ್ಯೋಣ

ರಜೆ ಬಂದರೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದು ಎಂಬ ಮಾತು ಆದವಾನಿಯ ಮನೆಗಳಲ್ಲಿ ಕೇಳಿಬರುತ್ತದೆ. ದೂರ ಹೋಗಬೇಕಿಲ್ಲ, ಊರಿಗೆ ಅಂಟಿಕೊಂಡೇ ಕೋಟೆ ಬೆಟ್ಟವಿದೆ. ಐದು ಗುಡ್ಡಗಳ ಈ ಕೋಟೆಯಲ್ಲಿ ಬಾರಾಕಿಲ್ಲಾ, ತಾಲಿಬಂಡ ಗುಡ್ಡಗಳು ಬಯಲಿನಿಂದ ಸುಮಾರು 800 ಅಡಿ ಎತ್ತರ. ರಣಮಂಡಲ ಆಂಜನೇಯನ ದರ್ಶನಕ್ಕೆ ನಾವೆಲ್ಲ ಬೆಟ್ಟ ಹತ್ತಿದವರೇ. ಆದರೆ ಕೈಮುಗಿದು ಸೀದಾ ಇಳಿದುಬಿಡುತ್ತೇವೆ. ಇದು ಬೇವು, ಅದು ಜಾಲಿ ಎಂದು ಮಕ್ಕಳಿಗೆ ನಿಂತು ತೋರಿಸುವವರು ಕಡಿಮೆ.

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಓದುವ ನಮ್ಮ ಮಕ್ಕಳಿಗೆ ಗಿಡ, ಹಕ್ಕಿಗಳ ಕನ್ನಡ ಹೆಸರು ತಿಳಿಯಬೇಕಾದರೆ ಮನೆಯವರೇ ಹೇಳಬೇಕು. ಅಜ್ಜ, ಅಜ್ಜಿಗೆ ಗೊತ್ತಿರುವುದು ಅವರ ಕಾಲಕ್ಕೇ ಮುಗಿಯಬಾರದು.

ಪುರಸಭೆಯವರು ನಡೆದಾಡುವ ಹಾದಿಗಳನ್ನು ಗುರುತಿಸಿ, ತೆಲುಗಿನ ಜೊತೆ ಕನ್ನಡದಲ್ಲೂ ಫಲಕ ಹಾಕಿಸಲಿ. ಅಲ್ಲಿಯವರೆಗೆ ನಾವು ಕಾಯುತ್ತ ಕೂರುವುದು ಬೇಡ. ಈ ಭಾನುವಾರ ಬಿಸಿಲೇರುವ ಮುಂಚೆ ಬುತ್ತಿ ಕಟ್ಟಿಕೊಂಡು, ನೀರು ಹಿಡಿದು ಹೊರಡೋಣ. ಒಯ್ದ ಪ್ಲಾಸ್ಟಿಕ್ ಅಲ್ಲೇ ಬಿಸಾಡದೆ ವಾಪಸ್ ತರೋಣ.