ಮಗಳ ಸೈಕಲು, ಉಮ್ಮನ ಬೆನ್ನು



ನಿಮ್ಮಲ್ಲಿ ಎಷ್ಟು ಮಂದಿ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುತ್ತೀರಿ? ವಯಸ್ಸಾದವರನ್ನು ಕೇಳುತ್ತಿಲ್ಲ. ನಲ್ವತ್ತು ದಾಟಿದ ನಮ್ಮ ನಿಮ್ಮಂಥವರ ವಿಷಯ ಹೇಳುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ ನಾನೂ ಕುರ್ಚಿ ಹಿಡಿದೆ. ಒಗೆದ ಬಟ್ಟೆಯ ಬಕೆಟ್ ಎತ್ತುವಾಗ ಹಿಡಿದುಕೊಂಡ ಸೊಂಟ ಬಿಡಲೇ ಇಲ್ಲ. ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡುವ ರಿಯಾಯಿತಿಯನ್ನು ರೋಗಿಗೆ ಧರ್ಮವೇ ನೀಡಿದೆ. ಮದ್ರಸದ ಮಕ್ಕಳಿಗೆ ಅದನ್ನು ಕಲಿಸುವವಳು ನಾನೇ. ಆದರೂ ಹಣೆ ನೆಲಕ್ಕೆ ತಾಗದ ಸುಜೂದ್‌ನಿಂದ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮುಲಾಮು ಹಚ್ಚುತ್ತಾ, ಬಿಸಿನೀರಿನ ಶಾಖ ಕೊಡುತ್ತಾ, 'ಸಬ್ರ್' ಎನ್ನುತ್ತಾ ಎಂಟು ತಿಂಗಳು ಕಳೆದೆ. ಮಗುವಿಗೆ ಜ್ವರ ಬಂದರೆ ಅದೇ ದಿನ ವೈದ್ಯರ ಬಳಿಗೆ ಓಡುವ ನಾವು ನಮ್ಮ ನೋವಿಗೆ ಮಾತ್ರ ಸಬ್ರ್ ಎಂದು ಹೆಸರಿಡುತ್ತೇವೆ! ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ) ಕಲಿಸಿದ್ದನ್ನು ಅಷ್ಟು ದಿನ ನಾನು ಮರೆತೇಬಿಟ್ಟಿದ್ದೆ.

ಕೊನೆಗೆ ವೈದ್ಯರಲ್ಲಿಗೆ ಹೋದೆ. ಮೂಳೆಗೇನೂ ಆಗಿಲ್ಲ, ಸ್ನಾಯುಗಳು ದುರ್ಬಲವಾಗಿವೆ, ಮಲಗಿಯೇ ಇದ್ದರೆ ಇನ್ನಷ್ಟು ದುರ್ಬಲವಾಗುತ್ತವೆ ಎಂದರು. ಕೆಲವು ವ್ಯಾಯಾಮಗಳನ್ನು ಹೇಳಿಕೊಟ್ಟು, ಜೊತೆಗೆ ನಡಿಗೆ ಅಥವಾ ಸೈಕಲ್ ಎಂದರು. ನಡೆದರೆ ನನಗೆ ಮೊಣಕಾಲು ನೋವು. ಸೈಕಲಿನಲ್ಲಿ ದೇಹದ ಭಾರವನ್ನು ಸೀಟು ಹೊರುತ್ತದೆ.

2019ರಲ್ಲಿ ಎಂಟನೇ ತರಗತಿಯಲ್ಲಿದ್ದ ಮಗಳಿಗೆ ಸರಕಾರದಿಂದ ಸಿಕ್ಕಿದ ಸೈಕಲು ಸೌದೆ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಸೈಕಲ್ ನನಗೆ ಹೊಸತಲ್ಲ. ಚಿಕ್ಕವಳಿದ್ದಾಗ ಅಣ್ಣನ ಸೈಕಲನ್ನು ಒಳಪೆಡಲ್ ತುಳಿದು ಓಡಿಸಿದವಳು. ದೊಡ್ಡವಳಾದ ಮೇಲೆ ಮನೆಯಲ್ಲಿ "ಇನ್ನು ಸಾಕು" ಎಂದರು. ಯಾಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕುರೈಶರ ಸ್ತ್ರೀಯರನ್ನು ಒಂಟೆ ಸವಾರಿ ಮಾಡುವ ಮಹಿಳೆಯರಲ್ಲಿ ಉತ್ತಮರೆಂದು ಪ್ರವಾದಿ(ಸ) ಹೊಗಳಿದ ಹದೀಸನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಆ ಒಂಟೆಯ ಪಕ್ಕದಲ್ಲಿ ಒಂದು ಸೈಕಲನ್ನು ನಿಲ್ಲಿಸಿ ನೋಡಲು ಮಾತ್ರ ಬೆನ್ನು ಕೆಡಬೇಕಾಯಿತು. ಮರ್ಯಾದೆಯ ಉಡುಪು ಧರ್ಮದ ಆಜ್ಞೆ. "ಜನ ಏನೆಂದಾರು" ಎಂಬುದು ಊರಿನ ಆಜ್ಞೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದೇವೆ. ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದೊಂದಿಗೆ ಸಾವಿರಾರು ಹಳ್ಳಿಯ ಮಹಿಳೆಯರು ಸೈಕಲ್ ಕಲಿತರು. ಅವರಲ್ಲಿ ಮುಸ್ಲಿಂ ಯುವತಿಯರೂ ಇದ್ದರು. ಅವರಿಗೂ ಊರವರ ಕುಹಕ ತಪ್ಪಿರಲಿಲ್ಲ.

ಫಜ್ರ್ ನಮಾಝ್ ಮುಗಿಸಿ, ಮದ್ರಸದ ಮೈದಾನದಲ್ಲಿ ಶುರುಮಾಡಿದೆ. ಮಗಳು ಹಿಂದೆ ಕ್ಯಾರಿಯರ್ ಹಿಡಿದಳು. ಎರಡನೇ ದಿನವೇ ಬುರ್ಖಾದ ಅಂಚು ಚೈನಿಗೆ ಸಿಕ್ಕಿ ಬಿದ್ದೆ. ಬೇಲಿಯಾಚೆ ಪಕ್ಕದ ಮನೆಯಾಕೆ, "ಟೀಚರ್, ಈ ಪ್ರಾಯದಲ್ಲಿ ಇದೆಲ್ಲ ಬೇಕಾ?" ಎಂದು ನಕ್ಕರು. ಚೈನಿಗೆ ಪೂರ್ತಿ ಕವರ್ ಹಾಕಿಸಿದೆ, ಬುರ್ಖಾದ ಅಂಚನ್ನು ಸ್ವಲ್ಪ ಗಿಡ್ಡ ಮಾಡಿ ಒಳಗೆ ಸಲ್ವಾರ್ ತೊಟ್ಟೆ. ಆಮೇಲೆ ಬೀಳಲಿಲ್ಲ.

ಮೊದಲ ವಾರ ನೋವು ಹೆಚ್ಚಾಯಿತು. ತಪ್ಪು ಸೀಟಿನದ್ದು. ಪೆಡಲ್ ಪೂರ್ತಿ ಕೆಳಗೆ ಬಂದಾಗ ಮೊಣಕಾಲು ಸ್ವಲ್ಪವೇ ಮಡಚಿರಬೇಕು. ಸೀಟು ತಗ್ಗಿದರೆ ಮೊಣಕಾಲಿಗೆ ಪೆಟ್ಟು, ಹೆಚ್ಚು ಎತ್ತರವಾದರೆ ಸೊಂಟ ಅತ್ತಿತ್ತ ತೂಗಿ ಬೆನ್ನಿಗೆ ಪೆಟ್ಟು. ಹ್ಯಾಂಡಲನ್ನೂ ಬಾಗಬೇಕಾಗದಷ್ಟು ಮೇಲೆತ್ತಿಸಿದೆ. ಹತ್ತು ನಿಮಿಷದಿಂದ ಆರಂಭಿಸಿ ಈಗ ವಾರಕ್ಕೆ ಐದು ದಿನ ಅರ್ಧ ಗಂಟೆ. ವಾರಕ್ಕೆ 150 ನಿಮಿಷವಾದರೂ ಮೈ ಬೆಚ್ಚಗಾಗುವಷ್ಟು ಚಲನೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಆದರೆ ಎಲ್ಲ ಬೆನ್ನು ನೋವಿಗೂ ಸೈಕಲ್ ಮದ್ದಲ್ಲ. ಕಾಲು ಮರಗಟ್ಟಿದರೆ, ಬಲಗುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನನ್ನ ಬೆನ್ನೂ ಪೂರ್ತಿ ಗುಣವಾಗಿಲ್ಲ, ಮಳೆಗಾಲದಲ್ಲಿ ಸೈಕಲ್ ನಿಂತರೆ ನೋವು ಮರಳುತ್ತದೆ. ಆದರೆ ಐದನೇ ತಿಂಗಳಲ್ಲಿ ಒಂದು ಫಜ್ರ್‌ಗೆ ಕುರ್ಚಿ ಬದಿಗಿಟ್ಟೆ. ಹಣೆ ಮುಸಲ್ಲಾವನ್ನು ತಾಗಿತು. ಅಲ್‌ಹಮ್ದುಲಿಲ್ಲಾಹ್, ಆ ದಿನ ಸುಜೂದ್‌ನಿಂದ ತಲೆ ಎತ್ತಲು ಮನಸ್ಸೇ ಬರಲಿಲ್ಲ.

ಕಳೆದ ವಾರ ಪಕ್ಕದ ಮನೆಯಾಕೆ ಗೇಟಿನ ಬಳಿ ಬಂದು ನಿಂತರು. "ಟೀಚರ್, ಆ ಸೀಟನ್ನು ನನ್ನ ಎತ್ತರಕ್ಕೆ ಇಳಿಸಲಿಕ್ಕೆ ಆಗುತ್ತದಾ?"