ಸರ್ಟಿಫಿಕೇಟ್ ಇದೆ, ಲೆಕ್ಕ ಇಲ್ಲ: ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ದೇಶದ ಪಟ್ಟಿಯಲ್ಲಿ ಅಳೆಯೋದು ಹೇಗೆ?

ಬನ್ನೂರು: 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದರು. ತಿ.ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಪಂದ್ಯದ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡರು. ಹಳ್ಳಿ ಹುಡುಗಿ ದೊಡ್ಡ ಅಂಗಳಕ್ಕೆ ಹೋಗಬಲ್ಲಳು ಅನ್ನೋದಕ್ಕೆ ಈ ಭಾಗದವರಿಗೆ ಇನ್ನೊಂದು ಸಾಕ್ಷಿ ಬೇಕಿಲ್ಲ.

ಆದರೆ ಇದೇ ಬನ್ನೂರು, ತಿ.ನರಸೀಪುರ, ನಂಜನಗೂಡು ಕಡೆಯಿಂದ ಕಾಲೇಜಿಗೆ ಹೋಗಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗ ಅಥವಾ ಹುಡುಗಿ "ದೇಶದಲ್ಲಿ ನಾನು ಎಷ್ಟನೆಯ ಸ್ಥಾನದಲ್ಲಿದ್ದೀನಿ?" ಅಂತ ಕೇಳಿದರೆ ಉತ್ತರ ಎಲ್ಲಿಂದ ತರೋದು? ಕೈಯಲ್ಲಿರೋದು ಒಂದು ಸರ್ಟಿಫಿಕೇಟ್. ಅದರಲ್ಲಿ ತಂಡದ ಸ್ಥಾನ ಇರುತ್ತೆ, ಆಡಿದವರ ಲೆಕ್ಕ ಇರಲ್ಲ.

ಅಮೆರಿಕದಲ್ಲಿ ಪಟ್ಟಿ ಹೇಗೆ ಮಾಡ್ತಾರೆ?

ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ರಾಷ್ಟ್ರಮಟ್ಟದ ಅಂಕಿಅಂಶ ಪಟ್ಟಿ ಅಂದರೆ ಮೊದಲು ನೆನಪಾಗೋದು ಅಮೆರಿಕದ ಎನ್‌ಸಿಎಎ. ಅದರ ಮೊದಲ ದರ್ಜೆಯಲ್ಲೇ 350ಕ್ಕೂ ಹೆಚ್ಚು ಕಾಲೇಜು ತಂಡಗಳಿವೆ. ಪ್ರತಿ ಪಂದ್ಯದಲ್ಲಿ ಯಾರು ಎಷ್ಟು ನಿಮಿಷ ಆಡಿದರು, ಎಷ್ಟು ಸಲ ಬುಟ್ಟಿಗೆ ಎಸೆದರು, ಎಷ್ಟು ಬಿತ್ತು, ರಿಬೌಂಡ್ ಎಷ್ಟು, ಚೆಂಡು ಕಳಕೊಂಡಿದ್ದು ಎಷ್ಟು, ಎಲ್ಲವೂ ದಾಖಲಾಗುತ್ತೆ. ಪಂಜಾಬ್‌ನಿಂದ ಹೋಗಿ ಮಾನ್‌ಮೌತ್ ವಿಶ್ವವಿದ್ಯಾಲಯಕ್ಕೆ ಆಡಿದ ಅಮಾನ್ ಸಂಧು ಅವರ ಅಂಕಿಗಳನ್ನು ಬನ್ನೂರಿನಲ್ಲಿ ಕೂತು ಮೊಬೈಲ್‌ನಲ್ಲೇ ನೋಡಬಹುದು. ಮೈಸೂರಿನಲ್ಲಿ ಆಡಿದ ಹುಡುಗನ ಅಂಕಿ ಹಾಗೆ ಸಿಗಲ್ಲ.

ಹಾಗಂತ ಬರೀ ಮೇಲಿನ ಸಾಲು ನೋಡಿ ಯಾರು ದೊಡ್ಡವರು ಅಂತ ಹೇಳೋಕಾಗಲ್ಲ. 2024ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ 3,951 ಅಂಕಗಳೊಂದಿಗೆ ಕಾಲೇಜು ಆಟ ಮುಗಿಸಿದರು. ಪೀಟ್ ಮಾರಾವಿಚ್ 1970ರಲ್ಲಿ ಬಿಟ್ಟುಹೋಗಿದ್ದ 3,667ರ ದಾಖಲೆ ಹಿಂದೆ ಬಿತ್ತು. ಆದರೆ ಕ್ಲಾರ್ಕ್ ಆಡಿದ್ದು 139 ಪಂದ್ಯ, ಮಾರಾವಿಚ್ ಆಡಿದ್ದು 83. ಪಂದ್ಯಕ್ಕೆ ಸರಾಸರಿ ಕ್ಲಾರ್ಕ್ 28.4, ಮಾರಾವಿಚ್ 44.2. ಆಗ ಮೊದಲ ವರ್ಷದ ವಿದ್ಯಾರ್ಥಿ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ, ಮೂರು ಅಂಕದ ಗೆರೆಯೂ ಇರಲಿಲ್ಲ. ಒಟ್ಟು ನೋಡಿದರೆ ಒಬ್ಬರು ಮೇಲೆ, ಸರಾಸರಿ ನೋಡಿದರೆ ಇನ್ನೊಬ್ಬರು ಮೇಲೆ.

ವ್ಯಾಪಾರ ಬೇರೆ, ಲಾಭ ಬೇರೆ

ಅಂಗಡಿ ನಡೆಸೋರಿಗೆ ಇದು ಬೇಗ ಅರ್ಥವಾಗುತ್ತೆ. ದಿನದ ವ್ಯಾಪಾರ ಎಷ್ಟಾಯ್ತು ಅನ್ನೋದು ಒಂದು ಲೆಕ್ಕ, ಕೈಗೆ ಉಳಿದಿದ್ದೆಷ್ಟು ಅನ್ನೋದು ಇನ್ನೊಂದು.

ಉದಾಹರಣೆಗೆ, ಒಬ್ಬ ಆಟಗಾರ 22 ಸಲ ಎಸೆದು 10 ಸಲ ಬುಟ್ಟಿಗೆ ಹಾಕಿ 20 ಅಂಕ ತಂದ ಅಂತಿಟ್ಟುಕೊಳ್ಳಿ. ಇನ್ನೊಬ್ಬ 9 ಸಲ ಎಸೆದು 7 ಸಲ ಹಾಕಿ 14 ಅಂಕ ತಂದ. ಮರುದಿನ ಊರಲ್ಲಿ ಹೆಸರು ಬರೋದು 20 ಅಂಕದವನದ್ದು. ಆದರೆ ಅವನು 13 ಎಸೆತ ಜಾಸ್ತಿ ಬಳಸಿ ತಂದಿದ್ದು ಬರೀ 6 ಅಂಕ ಜಾಸ್ತಿ. ಆ 13 ಎಸೆತಗಳಲ್ಲಿ ಅರ್ಧದಷ್ಟು ಎರಡನೆಯವನ ಕೈಗೆ ಬಂದಿದ್ದರೆ ಪಂದ್ಯದ ಫಲಿತಾಂಶವೇ ಬೇರೆ ಆಗಬಹುದಿತ್ತು.

ನಿಮಿಷದ ಲೆಕ್ಕವೂ ಹಾಗೇ. 32 ನಿಮಿಷ ಆಡಿ 16 ಅಂಕ ತಂದವಳಿಗಿಂತ, 16 ನಿಮಿಷ ಮಾತ್ರ ಅವಕಾಶ ಸಿಕ್ಕಿ 10 ಅಂಕ ತಂದವಳ ವೇಗ ಹೆಚ್ಚು. 40 ನಿಮಿಷದ ಪೂರ್ತಿ ಪಂದ್ಯಕ್ಕೆ ಹಾಕಿದರೆ ಮೊದಲನೆಯವಳದ್ದು 20, ಎರಡನೆಯವಳದ್ದು 25.

ಇನ್ನು ಪಂದ್ಯಗಳ ಸಂಖ್ಯೆ. ಎರಡೇ ಪಂದ್ಯ ಆಡಿ ಒಂದರಲ್ಲಿ 30, ಇನ್ನೊಂದರಲ್ಲಿ 10 ಅಂಕ ಬಂದರೆ ಸರಾಸರಿ 20. ಈ ಸರಾಸರಿಯನ್ನು ನಂಬೋದು ಕಷ್ಟ. ಅದಕ್ಕೇ ಎನ್‌ಸಿಎಎ ಪಟ್ಟಿ ಸೇರೋಕೆ ತಂಡದ ಶೇ 75ರಷ್ಟು ಪಂದ್ಯಗಳಲ್ಲಾದರೂ ಆಡಿರಬೇಕು ಅನ್ನೋ ನಿಯಮ ಇಟ್ಟಿದೆ. ಎಸೆತದ ಶೇಕಡಾವಾರು ಪಟ್ಟಿಗೆ ಬರೋಕೆ ಪಂದ್ಯಕ್ಕೆ ಸರಾಸರಿ 5 ಬುಟ್ಟಿಯಾದರೂ ಹಾಕಿರಬೇಕು. ಒಂದೇ ಸಲ ಎಸೆದು ಒಂದೇ ಸಲ ಹಾಕಿದವನು "ನಂದು ನೂರಕ್ಕೆ ನೂರು" ಅನ್ನೋ ಹಾಗಿಲ್ಲ.

ಎದುರಾಳಿ ಎಂಥವರು ಅನ್ನೋದನ್ನೂ ನೋಡಬೇಕು. ತೂಕ ಒಂದನ್ನೇ ನೋಡಿ ಬನ್ನೂರು ಕುರಿಗೆ ಯಾರೂ ಬೆಲೆ ಕಟ್ಟಲ್ಲ. ಗಿಡ್ಡ ಕಾಲು, ತುಂಬಿದ ಮೈ, ತಳಿ ಎಲ್ಲಾ ನೋಡಿಯೇ ಮಾತು ಮುಗಿಸೋದು. ಆಟಗಾರರ ವಿಷಯದಲ್ಲೂ ಅಷ್ಟೇ.

ನಮ್ಮಲ್ಲಿ ರ‍್ಯಾಂಕ್ ಯಾರಿಗೆ?

ಭಾರತದಲ್ಲಿ ಕಾಲೇಜು ಆಟದ ದಾರಿ ಹೀಗಿದೆ: ಮೊದಲು ಅಂತರ ಕಾಲೇಜು ಟೂರ್ನಿ. ಅಲ್ಲಿಂದ ಮೈಸೂರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ. ನಂತರ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ದಕ್ಷಿಣ ವಲಯ ಟೂರ್ನಿ. ಅಲ್ಲಿ ಮುಂದೆ ಬಂದರೆ ಅಖಿಲ ಭಾರತ ಮಟ್ಟ, ಅಲ್ಲೂ ಮುಂದೆ ಬಂದರೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ.

ಈ ದಾರಿಯುದ್ದಕ್ಕೂ ಶ್ರೇಯಾಂಕ ಸಿಗೋದು ಸಂಸ್ಥೆಗೆ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿವಿ ಕೂಟದಲ್ಲಿ ಜೈನ್ ವಿಶ್ವವಿದ್ಯಾಲಯ 20 ಚಿನ್ನದೊಂದಿಗೆ ಮೊದಲ ಸ್ಥಾನ ಪಡೆಯಿತು. ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿಯೂ ವಿಶ್ವವಿದ್ಯಾಲಯದ ಒಟ್ಟು ಸಾಧನೆಗೇ ಕೊಡೋದು.

ನಿಜವಾದ ನಷ್ಟ ಆಗೋದು ಇಲ್ಲೇ. ಗೆದ್ದ ತಂಡದಲ್ಲಿ ಬೆಂಚ್ ಮೇಲೆ ಕೂತವನಿಗೂ, ಪಂದ್ಯ ಗೆಲ್ಲಿಸಿಕೊಟ್ಟವನಿಗೂ ಒಂದೇ ಸರ್ಟಿಫಿಕೇಟ್. ಸೋತ ತಂಡದಲ್ಲಿ ಒಬ್ಬಳೇ ಹೋರಾಡಿದವಳಿಗೆ ಕೆಲಸಕ್ಕೆ ಬರೋ ದಾಖಲೆಯೇ ಇಲ್ಲ. ರೈಲ್ವೆಯಂಥ ಕಡೆ ಕ್ರೀಡಾ ಕೋಟಾದಲ್ಲಿ ಮೊದಲು ಕೇಳೋದು ಯಾವ ಮಟ್ಟದ ಕೂಟ, ತಂಡ ಎಷ್ಟನೇ ಸ್ಥಾನ ಅಂತ. ಹಾಗಾಗಿ ಚಿಕ್ಕ ಕಾಲೇಜಿನ ಒಳ್ಳೆಯ ಆಟಗಾರರಿಗೆ ಉಳಿಯೋದು ಒಂದು ದಿನದ ಟ್ರಯಲ್ಸ್ ಮಾತ್ರ. ಅವತ್ತು ಜ್ವರ ಬಂದಿದ್ದರೆ ಅಲ್ಲಿಗೆ ಮುಗೀತು.

ಕ್ರಿಕೆಟ್ ಜೊತೆ ಹೋಲಿಸಿ ನೋಡಿ. 2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕ ರಣಜಿ ಫೈನಲ್ ಅನ್ನು ಬರೀ 6 ರನ್‌ಗಳಿಂದ ಮುಂಬೈಗೆ ಬಿಟ್ಟುಕೊಟ್ಟಿತು. ಆದರೂ ಎರಡನೇ ಇನಿಂಗ್ಸ್‌ನಲ್ಲಿ ಮನೀಶ್ ಪಾಂಡೆ ಹೊಡೆದ 144 ರನ್ ಇವತ್ತಿಗೂ ಅವರ ಹೆಸರಲ್ಲೇ ಇದೆ. ತಂಡ ಸೋತರೂ ಆಟಗಾರನ ಲೆಕ್ಕ ಅಳಿಸಿಹೋಗಿಲ್ಲ.

ಒಂದು ನೋಟ್‌ಬುಕ್ ಸಾಕು

ಸರ್ಟಿಫಿಕೇಟ್ ಪದ್ಧತಿಗೂ ಕಾರಣ ಇದೆ. ಸಹಿ, ಮೊಹರು ಇರೋ ಕಾಗದವನ್ನು ಪರಿಶೀಲಿಸೋದು ಸುಲಭ. ಅಂಕಿ ಬರೆಯೋರು ತಮ್ಮ ಹುಡುಗನಿಗೆ ಎರಡು ರಿಬೌಂಡ್ ಜಾಸ್ತಿ ಸೇರಿಸಿದರೆ ಕಂಡುಹಿಡಿಯೋದು ಕಷ್ಟ. ಹಾಗಾಗಿ ಸರ್ಟಿಫಿಕೇಟ್ ಬೇಡ ಅಂತಲ್ಲ, ಅದರ ಜೊತೆಗೆ ಲೆಕ್ಕವೂ ಬೇಕು.

ಪಂದ್ಯದ ಅಧಿಕೃತ ಸ್ಕೋರ್‌ಶೀಟ್‌ನಲ್ಲಿ ಪ್ರತಿ ಆಟಗಾರರ ಅಂಕ ಮತ್ತು ಫೌಲ್ ಇರುತ್ತೆ, ರೆಫರಿ ಸಹಿಯೂ ಇರುತ್ತೆ. ಆದರೆ ತಪ್ಪಿದ ಎಸೆತ, ರಿಬೌಂಡ್, ಕಳಕೊಂಡ ಚೆಂಡು ಅದರಲ್ಲಿ ಬರಲ್ಲ. ಅದಕ್ಕೆ ಪಕ್ಕದಲ್ಲಿ ಇಬ್ಬರು ವಿದ್ಯಾರ್ಥಿಗಳನ್ನು ನೋಟ್‌ಬುಕ್ ಕೊಟ್ಟು ಕೂರಿಸಿದರೆ ಆಯ್ತು. ಒಬ್ಬರು ನೋಡಿ ಹೇಳೋದು, ಇನ್ನೊಬ್ಬರು ಬರೆಯೋದು. ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟರೆ ಅನುಮಾನ ಬಂದಾಗ ತಾಳೆ ನೋಡಬಹುದು. ಮೂರು ವರ್ಷದ ಡಿಗ್ರಿ ಮುಗಿಯೋ ಹೊತ್ತಿಗೆ ಆಟಗಾರರ ಕೈಯಲ್ಲಿ ಇಷ್ಟು ಪಂದ್ಯ, ಇಷ್ಟು ನಿಮಿಷ, ಇಷ್ಟು ಎಸೆತಕ್ಕೆ ಇಷ್ಟು ಅಂಕ ಅನ್ನೋ ದಾಖಲೆ ಇರುತ್ತೆ. ಅದರಿಂದ ಕೆಲಸ ಗ್ಯಾರಂಟಿ ಆಗಲ್ಲ. ಆದರೆ ಕೋಚ್ ಮುಂದೆ, ಆಯ್ಕೆ ಸಮಿತಿ ಮುಂದೆ ಮಾತಾಡೋಕೆ ಒಂದು ಆಧಾರ ಸಿಗುತ್ತೆ.

ಊರಿನ ಟೂರ್ನಿಗಳಿಗೆ ಕಪ್ಪು, ಜೆರ್ಸಿ, ಊಟದ ಖರ್ಚು ಕೊಡೋದು ಹೆಚ್ಚಾಗಿ ವರ್ತಕರೇ. ಮುಂದಿನ ಸಲ ದುಡ್ಡು ಕೊಡುವಾಗ ಅವರು ಒಂದು ಷರತ್ತು ಹಾಕಬಹುದು: ಪ್ರತಿ ಪಂದ್ಯದ ಸ್ಕೋರ್‌ಶೀಟ್‌ನ ಒಂದು ಜೆರಾಕ್ಸ್ ಎರಡೂ ತಂಡಕ್ಕೆ ಸಿಗಬೇಕು, ಸೋತವರಿಗೂ ಕೂಡ.