ಸಾಮೂಹಿಕ ಯೋಗ ಶಿಬಿರಗಳ ಸಾರ್ಥಕತೆ: ಚಿಕ್ಕಬಳ್ಳಾಪುರ ಜಿಲ್ಲೆಯ ಸ್ಥಿತಿಗತಿ

2015ರಿಂದ ಜೂನ್ 21ರಂದು ಅಂತರರಾಷ್ಟ್ರೀಯ ಯೋಗ ದಿನವನ್ನು ಆಚರಿಸಲಾಗುತ್ತಿದೆ. 2023ರ ಜನವರಿ 15ರಂದು ಚಿಕ್ಕಬಳ್ಳಾಪುರದ ಆವಲಗುರ್ಕಿಯಲ್ಲಿ ಆದಿಯೋಗಿ ಪ್ರತಿಮೆ ಅನಾವರಣಗೊಂಡಿತು. ಆದರೆ ಯೋಗ ಶಿಬಿರವು ಸ್ಥಳೀಯ ಕುಟುಂಬಗಳಿಗೆ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಶಿಬಿರದ ಸಾರ್ಥಕತೆಯು ಕಲಿತ ಆಸನಗಳ ಸಂಖ್ಯೆಯಲ್ಲಿಲ್ಲ. ಮನೆಗೆಲಸದಿಂದ ದೊರೆಯುವ ಬಿಡುವು ಹಾಗೂ ಒಂದೇ ಹೊತ್ತಿಗೆ ಏಳುವ ಸಂಗಡಿಗರು ಇದಕ್ಕೆ ಕಾರಣ. ಒಬ್ಬರೇ ಆರಂಭಿಸಿ ಕೈಬಿಡುವ ಅಭ್ಯಾಸವು ಗುಂಪಿನಲ್ಲಿ ಸುಲಭವಾಗಿ ನಿಲ್ಲುತ್ತದೆ.

ಶಿಡ್ಲಘಟ್ಟ, ಚಿಂತಾಮಣಿ ಭಾಗದ ರೇಷ್ಮೆ ಬೆಳೆಗಾರರಿಗೆ ಸದರಿ ಬಿಡುವೇ ದುರ್ಲಭ. ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳು ಒಟ್ಟು ಸೊಪ್ಪಿನ ಶೇ. 80ಕ್ಕೂ ಹೆಚ್ಚು ಭಾಗವನ್ನು ಸುಮಾರು ಒಂದು ವಾರದಲ್ಲಿಯೇ ತಿನ್ನುತ್ತವೆ. ಆ ವಾರ ಮನೆಯವರು, ಅದರಲ್ಲಿಯೂ ಮಹಿಳೆಯರು, ಹೊರಗೆ ತಂಗುವುದು ಅಸಾಧ್ಯವೆಂದೇ ಹೇಳಬೇಕು. ಗೂಡು ಮಾರಾಟವಾದ ನಂತರ, ಹುಳು ಮನೆಯ ಸೋಂಕು ನಿವಾರಣೆಯೂ ಮುಗಿದು ಮುಂದಿನ ಚಾಕಿ ಬರುವ ಮುನ್ನ ಶಿಬಿರ ನಡೆದಲ್ಲಿ ಮಾತ್ರ ಅವರು ಪಾಲ್ಗೊಳ್ಳಬಲ್ಲರು.

ಗೌರಿಬಿದನೂರಿನ ಕೈಗಾರಿಕಾ ಪ್ರದೇಶದ ಪಾಳಿ ನೌಕರರಿಗೆ ವಸತಿ ಶಿಬಿರಕ್ಕಿಂತ ಆಯುಷ್ ಸಚಿವಾಲಯದ 45 ನಿಮಿಷಗಳ ಸಾಮಾನ್ಯ ಯೋಗಾಭ್ಯಾಸ ಕ್ರಮವೇ ಹೆಚ್ಚು ಅನುಕೂಲಕರ.

ಅರ್ಜಿದಾರರು ಹೆಸರು ನೋಂದಾಯಿಸುವಾಗ ತಮಗೆ ಬಿಡುವಿರುವ ದಿನಗಳನ್ನು ಹಾಗೂ ರಕ್ತದೊತ್ತಡ, ಗರ್ಭಾವಸ್ಥೆ ಮುಂತಾದ ವಿವರಗಳನ್ನು ತಿಳಿಸತಕ್ಕದ್ದು.